‘ಆಪರೇಶನ್ ಪೂರ್ತಿ ಆಯ್ತಾ?’

(ಕಳೆದ ತಿಂಗಳು ನಮ್ಮ ಊರಿನ ಗ್ರಂಥಾಲಯದಲ್ಲಿ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸ್ಟಾಫ್ ನರ್ಸ್. ಹತ್ತೊಂಬತ್ತು ವರ್ಷದಿಂದ ಸರ್ಜರಿ ವಾರ್ಡಿನಲ್ಲಿ ಕೆಲಸ. ಆದರೆ ಇವತ್ತು ಮುಖ್ಯವಾಗಿ ಒಬ್ಬ ಟ್ರಾನ್ಸ್ ಪುರುಷನ ಅಕ್ಕನಾಗಿ ಬಂದಿದ್ದೇನೆ. ನನ್ನ ತಮ್ಮ ಹುಟ್ಟಿದಾಗ ಎಲ್ಲರೂ ಹೆಣ್ಣು ಮಗು ಅಂದರು. ಅವನಿಗೆ ಇಪ್ಪತ್ತಾರು ತುಂಬುವವರೆಗೆ ನಾನೂ ಅವನನ್ನು ತಂಗಿ ಅಂತಲೇ ಕರೆದೆ. ಇಲ್ಲಿಗೆ ಬರುವ ಮುಂಚೆ ಅವನನ್ನು ಕೇಳಿದೆ. ಏನು ಹೇಳಬಹುದು, ಏನು ಹೇಳಬಾರದು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟ. ಹೆಸರು ಬೇಡ ಅಂದ. ಹೆಸರು ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಮದುವೆ ಮನೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ದೂರದ ಸಂಬಂಧದ ಒಬ್ಬ ಅತ್ತೆ ಪಕ್ಕಕ್ಕೆ ಬಂದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸಣ್ಣ ದನಿಯಲ್ಲಿ ಕೇಳಿದರು: “ಆಪರೇಶನ್ ಮಾಡಿಸ್ಕೊಂಡ್ಳಂತೆ? ಪೂರ್ತಿ ಆಯ್ತಾ?”

ಆ ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ಹದಿನೈದು ದಿನ ಮನೆಯಲ್ಲಿದ್ದು ಮಗುವಿಗೆ ಎಣ್ಣೆ ನೀರು ಹಾಕಿದವರು. ಆದರೆ ಅವತ್ತು ಅವನು ಹೇಗಿದ್ದಾನೆ, ಗಾಯ ಮಾಯಿತಾ, ಕೆಲಸಕ್ಕೆ ಹೋಗ್ತಾನಾ ಅಂತ ಏನನ್ನೂ ಕೇಳಲಿಲ್ಲ. ನೇರ ಅಲ್ಲಿಗೇ ಬಂದರು. ಬಾಡಿಗೆ ಮನೆ ನೋಡಲು ಹೋದಾಗ ಇದೇ ಪ್ರಶ್ನೆ. ದಾಖಲೆಯಲ್ಲಿ ಹೆಸರು ತಿದ್ದಿಸಲು ಹೋದಾಗ ಕೌಂಟರಿನ ಆಚೆಯಿಂದಲೂ ಇದೇ ಪ್ರಶ್ನೆ. ಕಾಲೇಜಿನ ಗೆಳೆಯರೂ ಕೇಳಿದ್ದಾರೆ.

ಪೈಲ್ಸ್ ಆಪರೇಶನ್ ಆದವರನ್ನು ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ನಾವು ಹೀಗೆ ಕೇಳ್ತೀವಾ? ಇಲ್ಲ ಅಲ್ವಾ. ಟ್ರಾನ್ಸ್ ಜನರ ವಿಷಯದಲ್ಲಿ ಮಾತ್ರ ಬಟ್ಟೆಯ ಒಳಗಿನದನ್ನು ಕೇಳುವ ಹಕ್ಕು ನಮಗಿದೆ ಅಂತ ಅನ್ನಿಸಿಬಿಡುತ್ತದೆ. ಅದಕ್ಕೇ ಇವತ್ತು ಆ ‘ಪೂರ್ತಿ’ ಅನ್ನೋ ಪದವನ್ನೇ ಹಿಡಿದುಕೊಂಡು ಮಾತಾಡುತ್ತೇನೆ.

ಮೊದಲು ಒಂದು ಮಾತು. ಮಂಗಳಮುಖಿಯರನ್ನು ನೀವೆಲ್ಲ ನೋಡಿದ್ದೀರಿ. ಉತ್ತರ ಕರ್ನಾಟಕದವರಿಗೆ ಜೋಗಪ್ಪಂದಿರು ಗೊತ್ತು. ಮಂಜಮ್ಮ ಜೋಗತಿ ಅವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವುದನ್ನು ಟಿವಿಯಲ್ಲಿ ನೋಡಿ ನಮ್ಮಮ್ಮ ಕೂತಲ್ಲೇ ಕೈ ಮುಗಿದಿದ್ದರು. ಹುಟ್ಟಿದಾಗ ಗಂಡು ಅನ್ನಿಸಿಕೊಂಡು ಹೆಣ್ಣಾಗಿ ಬದುಕುವವರು ನಮಗೆ ಹೊಸಬರಲ್ಲ. ನನ್ನ ತಮ್ಮನ ದಾರಿ ಇದಕ್ಕೆ ಎದುರು ದಿಕ್ಕಿನದು. ಅವನಂಥವರಿಗೆ ನಮ್ಮ ಕಡೆಯ ಆಡುಮಾತಿನಲ್ಲಿ ಮರ್ಯಾದೆಯ ಹೆಸರೇ ಇರಲಿಲ್ಲ. ನಾನು ಕೇಳಿ ಬೆಳೆದದ್ದು ‘ಗಂಡುಬೀರಿ’ ಅನ್ನೋ ಬೈಗುಳ ಒಂದೇ.

ಮಂಗಳಮುಖಿಯರಿಗೆ ಗುರು ಇರುತ್ತಾರೆ, ಜಮಾತ್ ಅನ್ನುವ ಅವರದೇ ಕೂಟ ಇರುತ್ತದೆ. ಮನೆಯಿಂದ ಹೊರಗೆ ಹಾಕಿದರೆ ತಟ್ಟಲು ಇನ್ನೊಂದು ಬಾಗಿಲು ಇರುತ್ತದೆ. ಟ್ರಾನ್ಸ್ ಪುರುಷರಿಗೆ ಅಂಥ ಹಳೆಯ ಆಸರೆ ಇಲ್ಲ. ಎಷ್ಟೋ ಮನೆಗಳು ಅವರನ್ನು ಹೊರಗೆ ಹಾಕುವುದೂ ಇಲ್ಲ. ಒಳಗೇ ಕೂಡಿಹಾಕಿ ಗಂಡು ನೋಡಲು ಶುರು ಮಾಡುತ್ತವೆ. ನಮ್ಮ ಮನೆಯಲ್ಲೂ ಅದೇ ಆಯಿತು. ಎರಡು ಸಲ ಹುಡುಗನ ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತ್ ತಿಂದು ಹೋದರು. ಎರಡು ಸಲವೂ ಅವನಿಗೆ ಸೀರೆ ಉಡಿಸಿದವಳು ನಾನು. ಅವನ ಕೈಗಳು ಐಸಿನ ಹಾಗೆ ತಣ್ಣಗಿದ್ದವು. ನಾಚಿಕೆ ಇರಬೇಕು ಅಂದುಕೊಂಡೆ.

ಹೀಗೆ ಕಣ್ಣಿಗೇ ಬೀಳದ ಜನರ ಬಗ್ಗೆ ಊಹೆ ಹುಟ್ಟುವುದು ಸುಲಭ. ಮಂಗಳಮುಖಿಯರ ಬಗ್ಗೆ ಅರ್ಧಂಬರ್ಧ ಕೇಳಿದ್ದನ್ನೇ ತಂದು ಇವರ ಮೇಲೆ ಹಾಕುತ್ತಾರೆ. ‘ಏನೋ ಕತ್ತರಿಸ್ತಾರಂತೆ, ಒಂದು ರಾತ್ರಿಯಲ್ಲಿ ಮುಗಿಯುತ್ತಂತೆ, ಆಮೇಲೆ ಗಂಡಸಾಗ್ತಾರಂತೆ.’

‘ಆ ಆಪರೇಶನ್’ ಅಂತ ಒಂದು ಇಲ್ಲ. ಎದೆಯ ಸರ್ಜರಿ ಒಂದು. ಗರ್ಭಕೋಶ, ಅಂಡಾಶಯ ತೆಗೆಯುವುದು ಇನ್ನೊಂದು. ಜನನಾಂಗದ ಸರ್ಜರಿ ಮತ್ತೊಂದು, ಅದರಲ್ಲೂ ಬೇರೆ ಬೇರೆ ವಿಧಾನಗಳಿವೆ. ಕೆಲವರು ಒಂದನ್ನು ಮಾಡಿಸುತ್ತಾರೆ, ಕೆಲವರು ಎರಡನ್ನು. ಒಂದನ್ನೂ ಮಾಡಿಸದವರು ಬೇಕಾದಷ್ಟು ಜನ ಇದ್ದಾರೆ. ದುಡ್ಡಿಲ್ಲದೆ ಬಿಟ್ಟವರಿದ್ದಾರೆ, ಹೃದಯದ ತೊಂದರೆ ಇದೆ ಅಂತ ಬಿಟ್ಟವರಿದ್ದಾರೆ, ಬೇಡ ಅನ್ನಿಸಿ ಬಿಟ್ಟವರೂ ಇದ್ದಾರೆ. ಎಲ್ಲರೂ ಗಂಡಸರೇ. ‘ಪೂರ್ತಿ’ ಅನ್ನೋ ಗೆರೆ ಎಲ್ಲೂ ಇಲ್ಲ.

ಬಹಳ ಜನ ಮೊದಲು ಶುರು ಮಾಡುವುದು ಟೆಸ್ಟೋಸ್ಟಿರೋನ್, ಅಂದರೆ ಗಂಡು ಹಾರ್ಮೋನ್. ದನಿ ಒಡೆಯುತ್ತದೆ, ಗಡ್ಡ ಮೀಸೆ ಬರುತ್ತದೆ, ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ. ದನಿ ಒಮ್ಮೆ ದಪ್ಪ ಆದಮೇಲೆ ಇಂಜೆಕ್ಷನ್ ನಿಲ್ಲಿಸಿದರೂ ಮತ್ತೆ ತೆಳ್ಳಗಾಗುವುದಿಲ್ಲ. ಮುಟ್ಟು ನಿಂತರೂ ಬಸುರಾಗಬಹುದು, ಟೆಸ್ಟೋಸ್ಟಿರೋನ್ ಗರ್ಭನಿರೋಧಕ ಅಲ್ಲ. ಹಿಮೋಗ್ಲೋಬಿನ್ ಜಾಸ್ತಿ ಏರಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಜಿಮ್ಮಿನಲ್ಲಿ ಯಾರೋ ಕೊಟ್ಟ ಬಾಟಲಿಯನ್ನು ಚುಚ್ಚಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಡಾಕ್ಟರ್ ಹತ್ತಿರ ಹೋಗಲು ಹೆದರಿಕೆ ಆಗುತ್ತದೆ ಅಂತ ನನಗೆ ಗೊತ್ತು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಟೆಸ್ಟೋಸ್ಟಿರೋನ್ ಇಷ್ಟೆಲ್ಲ ಮಾಡಿದರೂ ಬೆಳೆದ ಎದೆಯನ್ನು ಕರಗಿಸುವುದಿಲ್ಲ.

ನನ್ನ ತಮ್ಮ ಎದೆಯ ಸರ್ಜರಿ ಮಾಡಿಸಿಕೊಂಡ. ಇದನ್ನು ಹೇಳಬಹುದು ಅಂತ ಹಾಳೆಯಲ್ಲಿದೆ. ಬೇರೆ ಏನು ಮಾಡಿಸಿದ, ಏನು ಬಿಟ್ಟ ಅನ್ನುವುದು ಅವನಿಗೆ ಮತ್ತು ಅವನ ಡಾಕ್ಟರಿಗೆ ಸೇರಿದ್ದು.

ಅದಕ್ಕೂ ಮುಂಚಿನ ಆರೇಳು ವರ್ಷದ ಕಥೆ ಕೇಳಿ. ಅಮ್ಮನ ಮಂಡಿನೋವಿಗೆ ಅಂತ ನಾನು ಆರು ಇಂಚಿನ ಕ್ರೇಪ್ ಬ್ಯಾಂಡೇಜ್ ತಂದಿಡುತ್ತಿದ್ದೆ. ತಂದದ್ದು ತಂದ ಹಾಗೆ ಖಾಲಿ. ಎಲ್ಲಿ ಹಾಕ್ತೀಯಮ್ಮ ಅಂತ ಅಮ್ಮನನ್ನೇ ಗದರುತ್ತಿದ್ದೆ. ಅಮ್ಮನಿಗೂ ಗೊತ್ತಿರಲಿಲ್ಲ. ಒಂದು ಏಪ್ರಿಲ್ ಮಧ್ಯಾಹ್ನ ಅವನು ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದ. ಕ್ಯಾಶುವಾಲಿಟಿಯಲ್ಲಿ ಅಂಗಿ ಬಿಚ್ಚಿದಾಗ ನಾನೇ ಪಕ್ಕದಲ್ಲಿದ್ದೆ. ಅಂಗಿಯ ಕೆಳಗೆ ಎರಡು ಬನಿಯನ್. ಬನಿಯನ್ ಕೆಳಗೆ ನನ್ನ ಬ್ಯಾಂಡೇಜ್, ಮೂರು ಸುತ್ತು. ಅದರ ಕೆಳಗೆ ಚರ್ಮ ಕಿತ್ತುಹೋಗಿ ಕೆಂಪಗಾಗಿತ್ತು. ಬೆವರಿಗೆ ಫಂಗಸ್ ಹಿಡಿದಿತ್ತು. ಪಕ್ಕೆಲುಬಿನ ಮೇಲೆ ಬ್ಯಾಂಡೇಜಿನ ಅಂಚು ಒತ್ತಿ ಒತ್ತಿ ಕಪ್ಪು ಗೆರೆ ಬಿದ್ದಿತ್ತು. ದಿನಾ ಹತ್ತಾರು ಜನರ ಗಾಯ ತೊಳೆಯುವವಳು ನಾನು. ನನ್ನ ಮನೆಯೊಳಗಿನ ಗಾಯ ಕಂಡಿರಲಿಲ್ಲ.

ಆ ರಾತ್ರಿ ಅವನು ಮೊದಲ ಸಲ ನನ್ನ ಹತ್ತಿರ ಎಲ್ಲ ಹೇಳಿದ. ಅಲ್ಲಿಂದ ಸರ್ಜರಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಮಾನಸಿಕ ತಜ್ಞರ ಹತ್ತಿರ ಹಲವು ಸಲ ಹೋಗಿ ಮಾತಾಡಿದ. ಚಿಕಿತ್ಸೆ ಕೊಡಬಹುದು ಅಂತ ಅವರ ಪತ್ರ ಬಂತು. ಹಾರ್ಮೋನ್ ಡಾಕ್ಟರ್, ಆಮೇಲೆ ಸರ್ಜನ್. ನಡುವೆ ದುಡ್ಡು ಹೊಂದಿಸಬೇಕು, ಒಂದು ಚೀಟಿ ಎತ್ತಿದೆವು. ಬೆಳಿಗ್ಗೆ ಎದ್ದು ಮನಸ್ಸಿಗೆ ಬಂತು ಅಂತ ಮಾಡಿಸಿಕೊಳ್ಳುವ ಕೆಲಸ ಇದಲ್ಲ.

ಸರ್ಜರಿ ಏನು ಅಂತ ಹೇಳುತ್ತೇನೆ, ಗುಟ್ಟಿನದು ಏನೂ ಇಲ್ಲ. ಪೂರ್ತಿ ಅರಿವಳಿಕೆ ಕೊಟ್ಟು ಎರಡು ಮೂರು ಗಂಟೆ ಮಾಡುತ್ತಾರೆ. ಎದೆ ಚಿಕ್ಕದಿದ್ದರೆ ತೊಟ್ಟಿನ ಸುತ್ತ ಮಾತ್ರ ಕೊಯ್ದು ಒಳಗಿನ ಗ್ರಂಥಿ ತೆಗೆಯುತ್ತಾರೆ. ದೊಡ್ಡದಿದ್ದರೆ ಎದೆಯ ಕೆಳಗೆ ಎರಡು ಕಡೆ ಉದ್ದ ಕೊಯ್ದು, ಗ್ರಂಥಿ ಮತ್ತು ಹೆಚ್ಚಿನ ಚರ್ಮ ತೆಗೆದು, ತೊಟ್ಟನ್ನು ಚಿಕ್ಕದು ಮಾಡಿ ಸರಿಯಾದ ಜಾಗದಲ್ಲಿ ಮತ್ತೆ ಕೂರಿಸುತ್ತಾರೆ. ಸುಟ್ಟ ಗಾಯಕ್ಕೆ ಚರ್ಮದ ಕಸಿ ಮಾಡುತ್ತಾರಲ್ಲ, ಅದೇ ರೀತಿ. ಕೆಳಗೆ ಎರಡು ಗೆರೆ ಉಳಿಯುತ್ತವೆ. ತೊಟ್ಟಿನ ಸ್ಪರ್ಶ ಕಡಿಮೆ ಆಗಬಹುದು, ಹೋಗಿಬಿಡಲೂಬಹುದು. ಇದನ್ನೆಲ್ಲ ಮೊದಲೇ ಕೂರಿಸಿ ಹೇಳುವ ಸರ್ಜನ್ ಒಳ್ಳೆಯ ಸರ್ಜನ್.

ಮನೆಗೆ ಬಂದಾಗ ಎರಡು ಕಡೆಯೂ ಡ್ರೈನ್ ಇತ್ತು. ಗಾಯದೊಳಗೆ ಸೇರುವ ರಕ್ತ, ನೀರು ಹೊರಗೆ ಬರಲು ಸಣ್ಣ ಪೈಪು, ತುದಿಯಲ್ಲಿ ಪ್ಲಾಸ್ಟಿಕ್ ಬುಗ್ಗೆ. ಬೆಳಿಗ್ಗೆ ಸಂಜೆ ಎಷ್ಟು ಮಿಲಿ ಬಂತು ಅಂತ ಅಳೆದು ಬರೆಯಬೇಕು. ಅಮ್ಮನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದೆ. ಒಂದು ಪುಟದಲ್ಲಿ ಅರ್ಧ ಲೀಟರ್ ಹಾಲು, ಎದುರು ಪುಟದಲ್ಲಿ ಬಲಕ್ಕೆ ಮೂವತ್ತು, ಎಡಕ್ಕೆ ನಲವತ್ತು. ಮೊದಲು ಕೆಂಪು, ಆಮೇಲೆ ತಿಳಿ ಗುಲಾಬಿ, ಕೊನೆಗೆ ಹುಲ್ಲಿನ ಬಣ್ಣದ ನೀರು. ಆರನೇ ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ತೊಟ್ಟುಗಳು ಇದ್ದಿಲಿನ ಹಾಗೆ ಕಪ್ಪಗಿದ್ದವು. ಕಸಿ ಮಾಡಿದ ಚರ್ಮದ ಮೇಲೆ ಹೀಗೆ ಹೊಪ್ಪಳೆ ಕಟ್ಟುವುದು ಸಹಜ, ನೂರಾರು ನೋಡಿದ್ದೇನೆ. ಆದರೂ ಅವತ್ತು ನನ್ನ ಕೈ ನಡುಗಿತು. ಮೂರನೇ ವಾರ ಹೊಪ್ಪಳೆ ಉದುರಿ ಕೆಳಗೆ ಎಳೆ ಗುಲಾಬಿ ಚರ್ಮ ಕಂಡಾಗ ಇಬ್ಬರೂ ಅತ್ತೆವು.

ಅವನು ಚಿಕ್ಕಂದಿನಿಂದ ಗೂನು ಬೆನ್ನು. ಎದೆ ಕಾಣದಿರಲಿ ಅಂತ ಭುಜವನ್ನು ಮುಂದಕ್ಕೆ ಎಳೆದುಕೊಂಡೇ ಬೆಳೆದವನು. ಎರಡು ತಿಂಗಳಾದ ಮೇಲೆ ಒಂದು ದಿನ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದ. ಅವನು ಅಷ್ಟು ಎತ್ತರ ಇದ್ದಾನೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

‘ದೇವರು ಕೊಟ್ಟ ಚೆನ್ನಾಗಿರೋ ಅಂಗವನ್ನು ಕುಯ್ಯಿಸಿಕೊಳ್ಳೋದು ಪಾಪ’ ಅಂತ ಹೇಳುವವರಿಗೆ ನಮ್ಮ ವಾರ್ಡಿನ ಇನ್ನೊಂದು ಚಿತ್ರ ತೋರಿಸುತ್ತೇನೆ. ಹದಿಹರೆಯದ ಕೆಲವು ಹುಡುಗರಿಗೆ ಎದೆ ಬೆಳೆಯುತ್ತದೆ. ಗೈನಕೊಮಾಸ್ಟಿಯಾ ಅನ್ನುತ್ತೇವೆ. ಬಹಳಷ್ಟು ಜನಕ್ಕೆ ಅದರಿಂದ ಪ್ರಾಣಕ್ಕೇನೂ ತೊಂದರೆ ಇಲ್ಲ. ಆದರೂ ಈಜಲು ಹೋಗಲ್ಲ, ಅಂಗಿ ಬಿಚ್ಚಲ್ಲ, ಗೆಳೆಯರು ಹಂಗಿಸ್ತಾರೆ ಅಂತ ಅಪ್ಪ ಅಮ್ಮನೇ ಕರೆದುಕೊಂಡು ಬರುತ್ತಾರೆ. ಅದೇ ಸರ್ಜನ್, ಅದೇ ಟೇಬಲ್, ಹೆಚ್ಚುಕಡಿಮೆ ಅದೇ ಕೆಲಸ. ಅಮ್ಮಂದಿರು ಡಬ್ಬಿಯಲ್ಲಿ ಇಡ್ಲಿ ತಂದು ನಮಗೂ ಕೊಡುತ್ತಾರೆ. ಯಾರ ಬಾಯಲ್ಲೂ ಪಾಪ ಅನ್ನೋ ಮಾತು ಬರುವುದಿಲ್ಲ. ಬರಲೂಬಾರದು. ಆ ಹುಡುಗನ ಸಂಕಟ ನಮಗೆ ಅರ್ಥ ಆಗುತ್ತದೆ. ಅದೇ ಸಂಕಟ ನನ್ನ ತಮ್ಮನಿಗಿದ್ದರೆ ಯಾಕೆ ಅರ್ಥ ಆಗಲ್ಲ?

ಗರ್ಭಕೋಶದ ವಿಷಯ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಕಲಬುರಗಿ ಕಡೆಯ ಲಂಬಾಣಿ ಹೆಣ್ಣುಮಕ್ಕಳು, ರಾಣೆಬೆನ್ನೂರು ಕಡೆಯ ಹೆಣ್ಣುಮಕ್ಕಳು ‘ಬೇಡದಿದ್ದರೂ ನಮ್ಮ ಗರ್ಭಕೋಶ ತೆಗೆದುಬಿಟ್ಟರು’ ಅಂತ ಬೀದಿಗೆ ಇಳಿದಿದ್ದು ಪೇಪರಿನಲ್ಲಿ ಓದಿದ್ದೀರಿ. ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದ ಬಡವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಆಪರೇಶನ್ ಮಾಡಿದರು ಅನ್ನೋದು ಅವರ ದೂರು. ಅವರು ಕೇಳದೆ ಇದ್ದದ್ದನ್ನು ಕೊಟ್ಟರು. ಒಬ್ಬ ಟ್ರಾನ್ಸ್ ಪುರುಷ ಓದಿ, ಯೋಚಿಸಿ, ಪತ್ರ ಹಿಡಿದುಕೊಂಡು ಬಂದು ಅದೇ ಆಪರೇಶನ್ ಕೇಳಿದರೆ ‘ಮಕ್ಕಳಾಗಲ್ಲಮ್ಮ, ಗಂಡನ ಮನೆಯವರು ಏನಂತಾರೆ’ ಅಂತ ವಾಪಸ್ ಕಳಿಸುತ್ತಾರೆ. ಎರಡೂ ಕಡೆ ಆಗಿರುವುದು ಒಂದೇ: ಆ ಹೊಟ್ಟೆ ಯಾರದ್ದೋ ಅವರ ಮಾತಿಗೆ ಬೆಲೆ ಇಲ್ಲ.

ಮಕ್ಕಳ ಮಾತು ಬಂತಲ್ಲ. ಬೇಕು ಅನ್ನುವವರು ಮೊದಲೇ ಅಂಡಾಣು ತೆಗೆಸಿ ಶೀತಲದಲ್ಲಿ ಇಡಬಹುದು. 2023ರ ಫೆಬ್ರವರಿಯಲ್ಲಿ ಕೇರಳದ ಕೋಳಿಕೋಡಿನಲ್ಲಿ ಒಬ್ಬ ಟ್ರಾನ್ಸ್ ಪುರುಷ ಮಗು ಹೆತ್ತ. ಎದೆಯ ಸರ್ಜರಿ ಆಗಿತ್ತು, ಗರ್ಭಕೋಶ ಇತ್ತು, ಹಾರ್ಮೋನ್ ನಿಲ್ಲಿಸಿ ಬಸುರಾಗಿದ್ದ. ಅಂಡಾಶಯ ತೆಗೆಸಿದವರು ಮಾತ್ರ ಒಂದು ನೆನಪಿಡಬೇಕು. ಆಮೇಲೆ ಹಾರ್ಮೋನನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ, ಮೂಳೆ ಸವೆಯುತ್ತದೆ.

ಎಲ್ಲರಿಗೂ ಕುತೂಹಲ ಇರುವುದು ಜನನಾಂಗದ ಸರ್ಜರಿಯ ಮೇಲೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಂದು ವಿಧಾನದಲ್ಲಿ ಟೆಸ್ಟೋಸ್ಟಿರೋನಿನಿಂದ ದೊಡ್ಡದಾದ ಅಲ್ಲಿನ ಅಂಗಾಂಶವನ್ನೇ ಬಿಡಿಸಿ ಮುಂದಕ್ಕೆ ತರುತ್ತಾರೆ. ಗಾತ್ರ ಚಿಕ್ಕದು, ಸ್ಪರ್ಶ ಉಳಿಯುತ್ತದೆ. ಇನ್ನೊಂದರಲ್ಲಿ ಮುಂಗೈ ಅಥವಾ ತೊಡೆಯ ಚರ್ಮವನ್ನು ರಕ್ತನಾಳ, ನರದ ಸಮೇತ ತಂದು ಶಿಶ್ನ ಕಟ್ಟುತ್ತಾರೆ. ಇದು ಹಲವು ಹಂತದ ದೊಡ್ಡ ಕೆಲಸ. ಮೂತ್ರದ ದಾರಿ ಸೋರುವುದು, ಕಿರಿದಾಗುವುದು ಸಾಮಾನ್ಯವಾಗಿ ಬರುವ ತೊಂದರೆಗಳು, ಅದಕ್ಕೆ ಮತ್ತೆ 2–3 ಸಲ ಟೇಬಲ್ ಹತ್ತಬೇಕಾಗಬಹುದು. ಗಟ್ಟಿತನಕ್ಕೆ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಸಾಧನ ಬೇಕಿದ್ದರೆ ಅದು ತಿಂಗಳುಗಟ್ಟಲೆ ಆದಮೇಲೆ. ಇದೆಲ್ಲ ನೋಡಿ ಬೇಡ ಅನ್ನುವವರಿದ್ದಾರೆ, ಇದೆಲ್ಲ ಗೊತ್ತಿದ್ದೂ ಬೇಕು ಅನ್ನುವವರಿದ್ದಾರೆ. ಇಬ್ಬರ ತೀರ್ಮಾನವೂ ಅವರವರದೇ. ಮುಂಗೈ ಚರ್ಮದ ವಿಧಾನವನ್ನು 1984ರಲ್ಲಿ ಚೀನಾದ ಇಬ್ಬರು ಸರ್ಜನ್‌ಗಳು ವಿವರಿಸಿದರು. ಅಪಘಾತದಲ್ಲೋ ಕ್ಯಾನ್ಸರಿನಲ್ಲೋ ಅಂಗ ಕಳೆದುಕೊಂಡ ಬೇರೆ ಗಂಡಸರಿಗೂ ಇಂಥ ಸರ್ಜರಿಯನ್ನೇ ಮಾಡುತ್ತಾರೆ. ಅವರನ್ನು ಯಾರೂ ‘ನಿಜವಾದದ್ದಾ’ ಅಂತ ಕೇಳುವುದಿಲ್ಲ.

‘ಇದೆಲ್ಲ ಈಗಿನ ಮೊಬೈಲ್ ಹುಚ್ಚು, ಹೊರದೇಶದ್ದು’ ಅಂತ ಕೂಡ ಹೇಳುತ್ತಾರೆ. ನನಗೆ ಬಹಳ ಇಷ್ಟವಾದ ಒಂದು ಚರಿತ್ರೆ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಅನ್ನುವವನು ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆ ಕಡೆಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನೇ ಕೆಳಗೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಆ ಸುದ್ದಿ ಚಿತ್ರದ ಸಮೇತ ಲಂಡನ್ನಿನ ಪತ್ರಿಕೆಯಲ್ಲಿ ಬಂತು, ಅಲ್ಲಿನ ಸರ್ಜನ್‌ಗಳು ನೋಡಿ ಕಲಿತರು. ಮುಂದೆ ಮೊದಲ ಮಹಾಯುದ್ಧದಲ್ಲಿ ಮುಖ ಸುಟ್ಟುಹೋದ ಸೈನಿಕರಿಗಾಗಿ ಹೆರಾಲ್ಡ್ ಗಿಲೀಸ್ ಅನ್ನುವ ಸರ್ಜನ್ ಚರ್ಮವನ್ನು ಕೊಳವೆಯ ಹಾಗೆ ಸುತ್ತಿ ಹೊಲಿದು, ಜೀವಂತವಾಗಿಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದನ್ನು ರೂಢಿಗೆ ತಂದರು. ಅದೇ ಗಿಲೀಸ್ 1946ರಿಂದ 1949ರ ನಡುವೆ ಮೈಕಲ್ ಡಿಲನ್ ಅನ್ನುವ ಟ್ರಾನ್ಸ್ ಪುರುಷನಿಗೆ ಹತ್ತಕ್ಕೂ ಜಾಸ್ತಿ ಸಲ ಆಪರೇಶನ್ ಮಾಡಿದರು. ಆಗ ಮೊಬೈಲ್ ಎಲ್ಲಿತ್ತು?

ಗಿಲೀಸ್ ಕೇಸ್ ಪೇಪರಿನಲ್ಲಿ ನಿಜ ಬರೆಯಲಿಲ್ಲ. ಮೂತ್ರದ ದಾರಿಯ ಹುಟ್ಟು ದೋಷ ಅಂತ ಬರೆದರು. ತಮ್ಮ ರೋಗಿಯನ್ನು ಲೋಕದ ಬಾಯಿಂದ ಉಳಿಸಲು ಆ ಡಾಕ್ಟರ್ ಹಾಗೆ ಮಾಡಬೇಕಾಯಿತು. ಡಿಲನ್ ತಾನೂ ಓದಿ ಡಾಕ್ಟರ್ ಆದ, ಹಡಗುಗಳಲ್ಲಿ ಕೆಲಸ ಮಾಡಿದ. 1958ರಲ್ಲಿ ಪತ್ರಿಕೆಯವರು ಅವನ ಹಳೆಯ ಹೆಸರು ಪತ್ತೆ ಮಾಡಿ ಅಚ್ಚು ಹಾಕಿದರು. ಅವನು ಎಲ್ಲ ಬಿಟ್ಟು ನಮ್ಮ ದೇಶಕ್ಕೆ ಬಂದ. ಕಾಲಿಂಪಾಂಗ್, ಸಾರನಾಥ, ಆಮೇಲೆ ಲಡಾಖಿನ ರಿಜೋಂಗ್ ಮಠ. ಬೌದ್ಧ ಸಾಧಕನಾಗಿ, ಲೋಬ್ಜಂಗ್ ಜೀವಕ ಅನ್ನುವ ಹೆಸರಿನಲ್ಲಿ ಬದುಕಿ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡ. ಬರೀ 47 ವರ್ಷ. ಸರ್ಜರಿ ಅವನನ್ನು ದೇಶ ಬಿಡಿಸಲಿಲ್ಲ. ದೇಶ ಬಿಡಿಸಿದ್ದು ಜನರ ಕಣ್ಣು.

ಮಾನಸಿಕ ರೋಗ ಅನ್ನುವ ಮಾತಿಗೆ ಉತ್ತರ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿತು. ಹುಟ್ಟಿದಾಗ ಹೇಳಿದ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದಿಕೆ ಇಲ್ಲದಿರುವುದು ಹುಚ್ಚಲ್ಲ.

ಕಾನೂನು ಕೂಡ ಈ ‘ಆಯ್ತಾ?’ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ಟ್ರಾನ್ಸ್ ಜನರ ಹಕ್ಕಿನ ಬಗ್ಗೆ ಕೊಟ್ಟ ನಾಲ್ಸಾ ತೀರ್ಪಿನಲ್ಲಿ, ಲಿಂಗ ಗುರುತಿಗೆ ಸರ್ಜರಿ ಮಾಡಿಸಲೇಬೇಕು ಅಂತ ಒತ್ತಾಯಿಸುವುದು ಅನೈತಿಕ, ಕಾನೂನುಬಾಹಿರ ಅಂತ ಸ್ಪಷ್ಟವಾಗಿ ಹೇಳಿತು. ಐದು ವರ್ಷ ಆದಮೇಲೆ, 2019ರಲ್ಲಿ ಬಂದ ಕಾಯ್ದೆ ‘ಟ್ರಾನ್ಸ್‌ಜೆಂಡರ್’ ಅನ್ನುವ ಗುರುತುಚೀಟಿಗೆ ಸರ್ಜರಿ ಕೇಳಲಿಲ್ಲ. ಆದರೆ ‘ಗಂಡು’ ಅಥವಾ ‘ಹೆಣ್ಣು’ ಅಂತ ಬರೆಸಲು ಸರ್ಜರಿಯ ದಾಖಲೆ ತನ್ನಿ ಅಂದಿತು. ಮದುವೆ ಮನೆಯ ಪ್ರಶ್ನೆ ಜಿಲ್ಲಾಧಿಕಾರಿ ಕಚೇರಿಗೂ ಬಂತು. ಇದರಿಂದ ಬೇಡದವರೂ ಟೇಬಲ್ ಹತ್ತುವ ಒತ್ತಡ ಹುಟ್ಟುತ್ತದೆ. ಅದೇ ಕಾಯ್ದೆ, ಸರ್ಕಾರ ಈ ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು, ವಿಮೆ ಇರಬೇಕು ಅಂತಲೂ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ಟ್ರಾನ್ಸ್ ಜನರಿಗೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ಘೋಷಿಸಿತು. ಕಾಗದದ ಮೇಲೆ ಚೆನ್ನಾಗಿದೆ. ನಾವು ಚೀಟಿ ಎತ್ತಿಯೇ ಕಟ್ಟಿದೆವು. ಖಾಸಗಿ ವಿಮೆಯ ಪಾಲಿಸಿ ಇದ್ದರೆ ಮನೆಗೆ ಹೋಗಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ತೆಗೆದು ನೋಡಿ. ಬಹಳ ಪಾಲಿಸಿಗಳಲ್ಲಿ ಏಳನೇ ಸಾಲು ‘ಲಿಂಗ ಬದಲಾವಣೆ ಚಿಕಿತ್ಸೆ’. ಅದರ ಕೆಳಗೇ ಅಂದ ಹೆಚ್ಚಿಸುವ ಸರ್ಜರಿ.

‘ಆಮೇಲೆ ಪಶ್ಚಾತ್ತಾಪ ಪಡ್ತಾರೆ’ ಅನ್ನುವುದು ಒಳ್ಳೆಯ ಮನಸ್ಸಿನವರೂ ಕೇಳುವ ಪ್ರಶ್ನೆ. ನಾನೂ ಕೇಳಿದ್ದೆ. 2021ರಲ್ಲಿ ಬಂದ ಒಂದು ವಿಮರ್ಶೆ 27 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಸರ್ಜರಿ ಆದ 7,928 ಜನರಲ್ಲಿ ಪಶ್ಚಾತ್ತಾಪ ಪಟ್ಟವರು ನೂರಕ್ಕೆ ಸುಮಾರು ಒಬ್ಬರು. ಆ ಅಧ್ಯಯನಗಳಲ್ಲಿ ಕೆಲವು ಚಿಕ್ಕವು, ಕೆಲವು ಜಾಸ್ತಿ ವರ್ಷ ಗಮನಿಸಿಲ್ಲ. ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಮಂಡಿ ಚಿಪ್ಪು ಬದಲಾಯಿಸಿದವರಲ್ಲಿ ಐವರಲ್ಲಿ ಒಬ್ಬರಿಗೆ ಸಮಾಧಾನ ಇರುವುದಿಲ್ಲ ಅಂತ ಮೂಳೆ ಡಾಕ್ಟರುಗಳೇ ಹೇಳುತ್ತಾರೆ. ಅಸಮಾಧಾನ, ಪಶ್ಚಾತ್ತಾಪ ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಮಂಡಿ ಆಪರೇಶನ್ ನಿಲ್ಲಿಸಿ ಅಂತ ಯಾರೂ ಹೇಳುವುದಿಲ್ಲ ಅಲ್ವಾ. ಪಶ್ಚಾತ್ತಾಪ ಪಟ್ಟ ಆ ಒಬ್ಬರಿಗೂ ನಮ್ಮ ವಾರ್ಡಿನಲ್ಲಿ ಅದೇ ಆರೈಕೆ ಸಿಗಬೇಕು. ಅವರನ್ನು ಉಳಿದವರ ವಿರುದ್ಧ ಕಲ್ಲಿನ ಹಾಗೆ ಬಳಸಬಾರದು.

ಈಗ ಆಸ್ಪತ್ರೆಯ ಮಾತು. ತಮ್ಮ ದಾಖಲಾಗಿದ್ದು ಒಂದು ದೊಡ್ಡ ಊರಿನಲ್ಲಿ. ಆಧಾರಿನಲ್ಲಿ ಹಳೆಯ ಹೆಸರು, ಹಾಗಾಗಿ ಹೆಂಗಸರ ವಾರ್ಡ್. ಗಡ್ಡ ಬಂದ ಹುಡುಗ ಹೆಂಗಸರ ವಾರ್ಡಿನಲ್ಲಿ. ಮೊದಲ ಒಂದು ಗಂಟೆಯಲ್ಲಿ ಬಿಪಿ ನೋಡಲು ನಾಲ್ಕು ಜನ ಬಂದರು. ಬಿಪಿ ಎಷ್ಟು ಸಲ ನೋಡಬೇಕು ಅಂತ ನನಗೆ ಗೊತ್ತು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ. ರಾತ್ರಿ ಪಾಳಿಗೆ ಬಂದ ಆಯಾ ಒಬ್ಬರು ಏನೂ ಕೇಳಲಿಲ್ಲ. ಮಂಚದ ಸುತ್ತ ಪರದೆ ಎಳೆದು, ಅದು ಸರಿಯದ ಹಾಗೆ ತಮ್ಮ ಬಳೆಯಿಂದ ಎರಡು ಪಿನ್ನು ತೆಗೆದು ಚುಚ್ಚಿದರು. “ಮಲಕ್ಕೋ ತಮ್ಮಾ, ಬೆಳಿಗ್ಗೆ ಬೇಗ ಎಬ್ಬಿಸ್ತಾರೆ” ಅಂದರು. ಅವನಿಗೆ ಆ ಆಸ್ಪತ್ರೆಯಲ್ಲಿ ನೆನಪಿರುವ ಮುಖ ಅದೊಂದೇ.

ಆ ನಾಲ್ಕು ಜನರ ಮೇಲೆ ನಾನು ಕೂಗಾಡಲಿಲ್ಲ. ಅದಕ್ಕೆ ಕಾರಣ ಇದೆ. ಇದನ್ನು ಹೇಳಲೇಬೇಕು ಅಂತ ಇವತ್ತು ಬಂದಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ನಮ್ಮ ವಾರ್ಡಿಗೆ ಅಪೆಂಡಿಕ್ಸ್ ಅಂತ ಒಬ್ಬರು ಬಂದಿದ್ದರು. ಕೇಸ್ ಶೀಟಿನಲ್ಲಿ ಒಂದು ಲಿಂಗ, ಮುಖದಲ್ಲಿ ಇನ್ನೊಂದು. ಡ್ಯೂಟಿ ರೂಮಿನಲ್ಲಿ ಗುಸುಗುಸು ಶುರುವಾಯಿತು. ನಾನೂ ಎದ್ದು ಹೋಗಿ ಪರದೆ ಸರಿಸಿ ನೋಡಿ ಬಂದೆ. ಅವರು ಹೊಟ್ಟೆನೋವಿನಲ್ಲಿ ಮುದುಡಿ ಮಲಗಿದ್ದರು. ನಾನು ನೋಡಲು ಹೋಗಿದ್ದು ಹೊಟ್ಟೆಯನ್ನಲ್ಲ. ಕಣ್ಣು ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿಕೊಂಡರು. ಅವರ ಕ್ಷಮೆ ಕೇಳುವ ದಾರಿ ಈಗ ನನಗಿಲ್ಲ. ಜ್ವರ ಬಂದರೂ ಆಸ್ಪತ್ರೆಗೆ ಬರದ ಟ್ರಾನ್ಸ್ ಪುರುಷರಿದ್ದಾರೆ. ಗರ್ಭಕಂಠ ಇದ್ದರೆ ಅದರ ಕ್ಯಾನ್ಸರ್ ತಪಾಸಣೆ ಬೇಕು, ಅದಕ್ಕೂ ಬರುವುದಿಲ್ಲ. ಅವರಿಗೆ ಸೂಜಿಯ ಭಯ ಇಲ್ಲ. ನನ್ನಂಥವರು ಸರಿಸುವ ಪರದೆಯ ಭಯ.

ಮನೆಯ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಕನ್ನಡದಲ್ಲಿ ಬಾಯಿ ಬಿಟ್ಟರೆ ಸಾಕು, ಬಂದಳೋ ಬಂದನೋ ಅಂತ ಹೇಳಲೇಬೇಕು. ಹತ್ತಿರದವರಾದರೆ ಬಾರೇ, ಬಾರೋ. ಅವನು ವಿಷಯ ಹೇಳಿದ ಮೇಲೆ ನಮ್ಮಮ್ಮ ಒಂದು ವರ್ಷಕ್ಕೂ ಜಾಸ್ತಿ ಎರಡನ್ನೂ ಬಿಟ್ಟರು. ‘ಊಟ ಆಯ್ತಾ’, ‘ನೀರು ಕಾದಿದೆ’, ‘ಬೀಗ ಇಲ್ಲಿದೆ’. ಮಗುವನ್ನು ಕರೆಯದೆ ಮಾತಾಡುವುದನ್ನು ಕಲಿತುಬಿಟ್ಟಿದ್ದರು. ಸರ್ಜರಿ ಆಗಿ ಮೂರು ವಾರ ಇರಬೇಕು. ಗ್ಯಾಸ್ ಸಿಲಿಂಡರ್ ಬಂತು. ಅಮ್ಮ ಬಾಗಿಲಿನಿಂದ “ಬಾರೋ ಇಲ್ಲಿ, ಇದನ್ನ ಒಳಗಿಡು” ಅಂತ ಕೂಗಿದರು. ಅವನು ಓಡಿ ಬಂದ. ತಕ್ಷಣ ಅಮ್ಮನಿಗೆ ನೆನಪಾಯಿತು. “ಬೇಡ ಬೇಡ, ನೀನು ಎತ್ತಬಾರದು, ಹೋಗಿ ಕೂತ್ಕೋ ಹೋಗೋ” ಅಂದರು. ಅವನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಸಿಲಿಂಡರ್ ನಾನು ಒಳಗಿಟ್ಟೆ.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

*

ಒಬ್ಬ ಹಿರಿಯರು ಎದ್ದು ಕೇಳಿದರು: “ಹಾಗಾದರೆ ಅವರನ್ನು ಕಂಡಾಗ ಏನು ಮಾತಾಡೋದಮ್ಮ? ಏನು ಕೇಳಿದರೂ ತಪ್ಪಾದರೆ ಹೇಗೆ?”

ಬೇರೆ ಹುಡುಗರನ್ನು ಕಂಡಾಗ ಏನು ಕೇಳ್ತೀರೋ ಅದನ್ನೇ ಕೇಳಿ ಸಾರ್ ಅಂದೆ. ಯಾವ ಊರು, ಏನು ಕೆಲಸ, ಕಾಫಿ ಕುಡೀತೀರಾ. ಅವನೋ ಅವಳೋ ಗೊತ್ತಾಗದಿದ್ದರೆ ‘ಅವರು’ ಅನ್ನಿ, ನಮ್ಮ ಭಾಷೆಯಲ್ಲಿ ಅದಕ್ಕೆ ಮರ್ಯಾದೆಯೂ ಇದೆ.

ಎಲ್ಲರೂ ಹೊರಟಮೇಲೆ ಒಬ್ಬ ಹೆಂಗಸು ಕೊನೆಯ ಸಾಲಿನಲ್ಲಿ ಉಳಿದಿದ್ದರು. ನಾನು ಬ್ಯಾಗ್ ತೆಗೆದುಕೊಳ್ಳುವವರೆಗೆ ಕಾದು ಹತ್ತಿರ ಬಂದರು. “ನನ್ನ ಮಗಳಿಗೆ ಹದಿನೇಳು. ವೇಲ್ ಹರಿದು ಎದೆಗೆ ಬಿಗಿದು ಕಟ್ಕೊಳ್ತಾಳೆ. ರಾತ್ರಿನೂ ಬಿಚ್ಚಲ್ಲ. ನಾನು ಹೊಡೆದಿದ್ದೀನಿ” ಅಂದರು. ಆಮೇಲೆ ಸ್ವಲ್ಪ ಹೊತ್ತು ಅವರಿಗೆ ಮಾತು ಬರಲಿಲ್ಲ.

ಕೂರಿಸಿಕೊಂಡು ಹೇಳಿದೆ. ಹೊಡೆಯಬೇಡಿ, ಕಿತ್ತುಕೊಳ್ಳಬೇಡಿ. ಹರಿದ ಬಟ್ಟೆ, ಬ್ಯಾಂಡೇಜ್, ಟೇಪು ಯಾವುದೂ ಬೇಡ. ಬಿಗಿ ಸ್ಪೋರ್ಟ್ಸ್ ಬ್ರಾ ಅಥವಾ ಇದಕ್ಕೇ ಅಂತ ಮಾಡಿದ ಬೈಂಡರ್ ತಂದುಕೊಡಿ. ದಿನಕ್ಕೆ ಎಂಟು ಗಂಟೆ ಮೀರಬಾರದು, ಮಲಗುವಾಗ ಕಡ್ಡಾಯವಾಗಿ ತೆಗೆಯಬೇಕು. ಉಸಿರು ಕಟ್ಟಿದರೆ ತಕ್ಷಣ ತೆಗೆಯಬೇಕು. ಹದಿನೇಳಕ್ಕೆ ಆಪರೇಶನ್ ಮಾತು ಯಾರೂ ಆಡುತ್ತಿಲ್ಲ, ಆ ಭಯ ಬಿಡಿ. ಮಾನಸಿಕ ತಜ್ಞರ ಹತ್ತಿರ ಹೋಗಿ, ‘ಸರಿಮಾಡಿ’ ಅಂತ ಹೇಳಬೇಡಿ, ಜೊತೆಯಲ್ಲಿ ಕೂತು ಕೇಳಿ. ಸರಿಮಾಡಿಕೊಡ್ತೀನಿ ಅನ್ನುವವರು ಸಿಕ್ಕರೆ ಎದ್ದು ಬನ್ನಿ. ಅಂಥ ‘ಚಿಕಿತ್ಸೆ’ ಕೊಡುವುದು ಡಾಕ್ಟರುಗಳಿಗೆ ವೃತ್ತಿ ದುರ್ನಡತೆ ಅಂತ 2022ರಲ್ಲೇ ಆದೇಶ ಆಗಿದೆ.

ಅವರು ಎಲ್ಲವನ್ನೂ ಬಸ್ ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಮೆಟ್ಟಿಲ ತನಕ ಹೋಗಿ ಮತ್ತೆ ತಿರುಗಿ ಬಂದರು.

“ಮಗೂಗೆ ಬೆನ್ನು ನೋವು ಅಂತಿತ್ತು. ಬಿಸಿನೀರು ಕಾಯಿಸಿ ಶಾಖ ಕೊಡಬಹುದಾ?”

ಕೊಡಿ, ಜಾಸ್ತಿ ಬಿಸಿ ಬೇಡ ಅಂದೆ.